ಸಡಿಲ ತಂತಿಯ ಸಾಧಕ ಗ್ಯಾಬಿ ಪಹಿನುಯಿ

ಹವಾಯಿ ದ್ವೀಪಗಳ ಸ್ಲ್ಯಾಕ್ ಕೀ ಗಿಟಾರ್ ಪ್ರತ್ಯೇಕ ವಾದ್ಯವಲ್ಲ; ಸಾಮಾನ್ಯ ಗಿಟಾರಿನ ಕೆಲವು ತಂತಿಗಳನ್ನು ಸಡಿಲಿಸಿ, ಬೆರಳೊತ್ತದೆ ಮೀಟಿದರೂ ಸ್ವರಮೇಳ ಹೊಮ್ಮುವಂತೆ ಶ್ರುತಿಗೊಳಿಸಿ ನುಡಿಸುವ ಶೈಲಿ. ಕೆಸುವಿನ ಗದ್ದೆಯ ಹೆಸರಿನ 'ಟ್ಯಾರೋ ಪ್ಯಾಚ್' ಶ್ರುತಿಯಲ್ಲಿ ಒಂದು, ಐದು ಮತ್ತು ಆರನೆಯ ತಂತಿಗಳನ್ನು ತಲಾ ಒಂದು ಪೂರ್ಣ ಸ್ವರದಷ್ಟು ಇಳಿಸಿದರೆ ಜಿ ಮೇಜರ್ ಮೇಳ ತಾನಾಗಿ ಸಿದ್ಧವಾಗುತ್ತದೆ. ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಲಯವನ್ನು ಕಾಯುತ್ತಿದ್ದರೆ ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡಿನ ಧಾಟಿಯನ್ನು ಹೆಣೆಯುವುದರಿಂದ, ಒಬ್ಬನೇ ವಾದಕನ ಕೈಯಲ್ಲಿ ಇಬ್ಬರ ನುಡಿತ ಕೇಳಿಬರುತ್ತದೆ.

19ನೆಯ ಶತಮಾನದಲ್ಲಿ ಮೆಕ್ಸಿಕನ್ ಮೂಲದ ದನಗಾಹಿಗಳ ಜೊತೆ ಗಿಟಾರ್ ಹವಾಯಿಗೆ ಬಂದಿತೆಂಬುದು ರೂಢಿಯ ಅಭಿಪ್ರಾಯ. ಮುಂದೆ ಅನೇಕ ಕುಟುಂಬಗಳು ತಮ್ಮ ಶ್ರುತಿಗಳನ್ನು ಮನೆತನದ ಗುಟ್ಟಾಗಿಯೇ ಕಾಪಾಡಿದವು.

ಈ ಮನೆಯೊಳಗಿನ ಕಲೆಯನ್ನು ಧ್ವನಿಮುದ್ರಿಕೆಯ ಲೋಕಕ್ಕೆ ತಂದವರಲ್ಲಿ ಅಗ್ರಗಣ್ಯನೆಂದರೆ 1921ರಲ್ಲಿ ಜನಿಸಿದ ಗ್ಯಾಬಿ ಪಹಿನುಯಿ. 1940ರ ದಶಕದಲ್ಲಿ ಮುದ್ರಣಗೊಂಡ ಅವನ 'ಹಿಇಲಾವೆ' ಈ ಶೈಲಿಯ ಆದ್ಯ ಮುದ್ರಿಕೆಗಳಲ್ಲೊಂದು. ಸ್ಟೀಲ್ ಗಿಟಾರಿನಲ್ಲೂ ಪಳಗಿದ್ದ ಈತ ಹೊಟ್ಟೆಪಾಡಿಗೆ ಹೊನಲುಲುವಿನ ರಸ್ತೆ ಕೆಲಸ ಮಾಡುತ್ತ, ವೈಮಾನಾಲೋದ ತನ್ನ ಮನೆಯಲ್ಲಿ ವಾರಾಂತ್ಯಗಳ ಉದ್ದಕ್ಕೂ ಸಾಗುತ್ತಿದ್ದ ವಾದನಗೋಷ್ಠಿಗಳಿಂದ ಕಿರಿಯರ ಒಂದು ಪೀಳಿಗೆಯನ್ನೇ ತಿದ್ದಿದ. ಸಂಗೀತಶಾಲೆಗಿಂತ ಆ ಅಂಗಳವೇ ಪರಂಪರೆಗೆ ಹೆಚ್ಚು ನೆರವಾಯಿತೆನ್ನಬಹುದು. 1970ರ ದಶಕದಲ್ಲಿ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವನೊಡನೆ ನುಡಿಸಿದ ಮುದ್ರಿಕೆಗಳು ಹೊರನಾಡಿನ ಕೇಳುಗರನ್ನೂ ತಲುಪಿದವು. ಗ್ಯಾಬಿ 1980ರಲ್ಲಿ ನಿಧನನಾದ ಮೇಲೆ ಮಗ ಸಿರಿಲ್ ಇದೇ ಶೈಲಿಯ ಪ್ರಮುಖ ವಾದಕನಾಗಿ ಬೆಳೆದ.