ಸಭಾಕಂಪ: ಮಾತ್ರೆಯೋ, ಮನೋಬಲವೋ?

ಹುಲಿಯ ಎದುರು ನಿಂತವನು ನಡುಗಿದರೆ ಯಾರೂ ನಗುವುದಿಲ್ಲ. ಇಪ್ಪತ್ತು ಜನರೆದುರು ನಿಂತು ನಾಲ್ಕು ಮಾತನಾಡಬೇಕಾದವನು ನಡುಗಿದರೆ ನಗದವರೇ ವಿರಳ. ಆದರೆ ನಡುಕ ಎರಡು ಕಡೆಯೂ ಒಂದೇ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ನಾಲಗೆ ಒಣಗಿ ಅಂಗುಳಿಗೆ ಅಂಟಿಕೊಳ್ಳುತ್ತದೆ. ಅಪಾಯ ಬಂದಿತೆಂದು ಬಗೆದ ಶರೀರವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತದೆ. ಎದುರಿಗಿರುವುದು ವ್ಯಾಘ್ರವೋ ಸಭೆಯೋ ಎಂಬ ವಿವೇಚನೆ ಅದಕ್ಕಿಲ್ಲ.

ಇಷ್ಟು ಮಾತ್ರವಾದರೆ ಚಿಂತೆಗೆ ಕಾರಣವಿಲ್ಲ. ಅಲ್ಪಸ್ವಲ್ಪ ಸಂಕೋಚ ಎಲ್ಲರಲ್ಲಿಯೂ ಉಂಟು. ಆದರೆ ಮೌಖಿಕ ಪರೀಕ್ಷೆಯ ಭಯದಿಂದ ಕಾಲೇಜನ್ನೇ ತೊರೆದ ವಿದ್ಯಾರ್ಥಿನಿ, ಹತ್ತು ಜನರೊಡನೆ ಮಾತನಾಡಬೇಕಾದೀತೆಂದು ಬಡ್ತಿಯನ್ನು ನಿರಾಕರಿಸಿದ ಗುಮಾಸ್ತ, ಮದುವೆಯ ಮನೆಯಲ್ಲಿ ಪಂಕ್ತಿಯ ಊಟಕ್ಕೆ ಅಂಜಿ ಉಪವಾಸವೇ ಹಿಂದಿರುಗಿದ ಯುವಕ, ಇವರ ಪಾಡು ಬೇರೆ. ಇಂಥವರು ಯಾವ ಊರಿನಲ್ಲಿಲ್ಲ? ಭಯವು ಬದುಕಿನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚತೊಡಗಿದಾಗ ಅದನ್ನು ನಾಚಿಕೆಯೆಂದು ಕರೆದು ಸುಮ್ಮನಾಗುವುದು ತರವಲ್ಲ. ಫ್ರಾನ್ಸಿನ ಮನೋವೈದ್ಯ ಪಿಯೆರ್ ಜಾನೆ 1903ರಷ್ಟು ಹಿಂದೆಯೇ ಈ ಭಯವನ್ನು ಪ್ರತ್ಯೇಕವಾಗಿ ಹೆಸರಿಸಿದ್ದನು. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಅಧಿಕೃತ ರೋಗಪಟ್ಟಿಯಲ್ಲಿ ಇದಕ್ಕೆ ಸ್ವತಂತ್ರ ಸ್ಥಾನ ಕೊಟ್ಟರು. ಸಾಮಾನ್ಯವಾಗಿ ಹದಿಹರೆಯದಲ್ಲಿಯೇ ತಲೆದೋರುವ ಈ ಬಾಧೆಯನ್ನು ಅನೇಕರು ವರ್ಷಗಟ್ಟಲೆ ಯಾರಿಗೂ ಹೇಳದೆ ಸಹಿಸುತ್ತಾರೆ.

ಮನೆಯಲ್ಲಿ ವಿಷಯ ಹೊರಬಿದ್ದೊಡನೆ ಎರಡು ಪಕ್ಷಗಳು ಹುಟ್ಟುತ್ತವೆ. “ಧೈರ್ಯಂ ಸರ್ವತ್ರ ಸಾಧನಂ, ಮನಸ್ಸು ಗಟ್ಟಿ ಮಾಡಿಕೊಂಡರೆ ಎಲ್ಲವೂ ಸರಿಹೋಗುತ್ತದೆ” ಎಂದು ಹಿರಿಯರ ವಾದ. “ಈಗಿನ ಕಾಲದಲ್ಲಿ ಯಾವುದಕ್ಕೆ ಔಷಧವಿಲ್ಲ? ಒಂದು ಮಾತ್ರೆ ನುಂಗಿದರಾಯಿತು” ಎಂದು ಕಿರಿಯರ ಪ್ರತಿವಾದ. ಇವರಲ್ಲಿ ಸರಿ ಯಾರದು?

ಮನೋಬಲದ ಮರ್ಮ

ಮನೋಬಲದ ಪಕ್ಷದವರಿಗೆ ಗಾಂಧೀಜಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1891ರಲ್ಲಿ ಬ್ಯಾರಿಸ್ಟರರಾಗಿ ಸ್ವದೇಶಕ್ಕೆ ಮರಳಿದ ಅವರು ಮುಂಬಯಿಯ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತರು. ಪಾಟೀಸವಾಲು ಮಾಡಬೇಕಾಗಿತ್ತು. ತಲೆ ತಿರುಗಿತು, ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು. ಮೂವತ್ತು ರೂಪಾಯಿಗಳ ಶುಲ್ಕವನ್ನು ಹಿಂದಿರುಗಿಸಿ, ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳಲು ಹೇಳಿ ಹೊರನಡೆದರು. ಅದೇ ವ್ಯಕ್ತಿ 1893ರಲ್ಲಿ ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಭಾರತೀಯರ ಸಭೆ ಕರೆದು, ವ್ಯಾಪಾರದಲ್ಲಿ ಸತ್ಯಪಾಲನೆಯನ್ನು ಕುರಿತು ಭಾಷಣ ಮಾಡಿದರು. ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಅದೆಂದು ಅವರೇ ಬರೆದಿದ್ದಾರೆ.

ಈ ಪರಿವರ್ತನೆ ಹಲ್ಲು ಕಚ್ಚಿ ಭಯವನ್ನು ಅದುಮಿದ್ದರಿಂದ ಆದುದಲ್ಲವೆಂಬುದನ್ನು ಗಮನಿಸಬೇಕು. ಮುಂಬಯಿಯಲ್ಲಿ ಅವರ ಚಿತ್ತವೆಲ್ಲ ತಮ್ಮ ಮೇಲೆಯೇ ಇತ್ತು. ಪ್ರಿಟೋರಿಯದಲ್ಲಿ ತಮ್ಮವರ ಕಷ್ಟದ ಮೇಲೆ ಇತ್ತು. ಒಂದು ಸಭೆಗೇ ಅದು ಮುಗಿಯಲಿಲ್ಲ. ಸಭೆಗಳು ಮತ್ತೆ ಮತ್ತೆ ಸೇರಿದವು. ಆದರೂ ಸಂಕೋಚವು ಸಂಪೂರ್ಣವಾಗಿ ತಮ್ಮನ್ನು ಬಿಟ್ಟುಹೋಗಲಿಲ್ಲವೆಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿರುವ ಅವರು, ಅದರಿಂದ ಮಿತಭಾಷಿತ್ವವನ್ನು ಕಲಿತೆನೆಂದು ಸಂತೋಷವನ್ನೂ ಸೂಚಿಸಿದ್ದಾರೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ಹೇಳುತ್ತಿದ್ದ ಅನುಭವ ಇನ್ನೂ ಸ್ವಾರಸ್ಯವಾದುದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸ್ತ್ರೀಯರೊಡನೆ ಮಾತನಾಡಲು ಆತನಿಗೆ ವಿಪರೀತ ಅಂಜಿಕೆ. ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನದ ಬೆಂಚುಗಳಲ್ಲಿ ಒಬ್ಬಂಟಿಯಾಗಿ ಕುಳಿತ ಪ್ರತಿಯೊಬ್ಬ ಮಹಿಳೆಯೊಡನೆಯೂ ಒಂದು ತಿಂಗಳ ಕಾಲ ಮಾತನಾಡಲೇಬೇಕೆಂದು ಆತ ನಿಶ್ಚಯಿಸಿದನು. ಎದುರಾದವರು 130 ಮಂದಿ, ಎದ್ದುಹೋದವರು 30, ಮಾತಿಗೆ ನಿಂತವರು 100. ಮತ್ತೊಮ್ಮೆ ಭೇಟಿಯಾಗಲು ಒಪ್ಪಿದವಳು ಒಬ್ಬಳೇ, ಅವಳೂ ಬರಲಿಲ್ಲ! ಲೆಕ್ಕದಲ್ಲಿ ಸೋಲೇ ಸೋಲು. ಆದರೆ ತಿರಸ್ಕಾರದಿಂದ ಪ್ರಾಣವೇನೂ ಹೋಗುವುದಿಲ್ಲವೆಂಬ ಅರಿವು ಭಯದ ಬೇರನ್ನೇ ಕಿತ್ತಿತು. ಮುಂದೆ 1955ರಲ್ಲಿ ಆತ ರೂಪಿಸಿದ ಚಿಕಿತ್ಸಾಕ್ರಮದಲ್ಲಿ ಇಂಥ ಅಭ್ಯಾಸಕ್ಕೆ ಪ್ರಮುಖ ಸ್ಥಾನ ದೊರೆಯಿತು.

ಬರಿಯ ಹಠಕ್ಕೂ ಕ್ರಮಬದ್ಧ ಅಭ್ಯಾಸಕ್ಕೂ ಅಂತರವಿರುವುದು ಇಲ್ಲಿಯೇ. ‘ನನ್ನ ಕೈ ನಡುಗಬಾರದು, ಮುಖ ಕೆಂಪಾಗಬಾರದು’ ಎಂದು ಹಠ ಹಿಡಿದವನು ಸಭೆಯನ್ನು ನೋಡುವುದಿಲ್ಲ. ತನ್ನ ಕೈಯನ್ನೇ ನೋಡುತ್ತಾನೆ. ನೋಡಿದಷ್ಟೂ ನಡುಕ ಹೆಚ್ಚುತ್ತದೆ. ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ವಿದ್ವಾಂಸರು 1995ರಲ್ಲಿ ಈ ವಿಷಚಕ್ರವನ್ನು ವಿಶದವಾಗಿ ನಿರೂಪಿಸಿದರು. ಕಣ್ಣು ತಪ್ಪಿಸುವುದು, ಲೋಟವನ್ನು ಬಿಗಿಯಾಗಿ ಹಿಡಿಯುವುದು, ಆಡಬೇಕಾದ ಪ್ರತಿ ಮಾತನ್ನೂ ಮೊದಲೇ ಉರುಹೊಡೆಯುವುದು, ಇವೆಲ್ಲ ರಕ್ಷಣೆಯಂತೆ ತೋರಿದರೂ ಭಯಕ್ಕೆ ಗೊಬ್ಬರವೇ. ಅವನ್ನು ಬಿಟ್ಟು, ಗಮನವನ್ನು ಹೊರಕ್ಕೆ ತಿರುಗಿಸಿ, ಚಿಕ್ಕ ಮೆಟ್ಟಿಲಿನಿಂದ ದೊಡ್ಡ ಮೆಟ್ಟಿಲಿಗೆ ಏರುವುದೇ ಇಂದಿನ ಮನೋಚಿಕಿತ್ಸೆಯ ಸಾರ. ನೀರಿಗಿಳಿಯದೆ ಈಜು ಬಾರದು, ನಿಜ. ಹಾಗೆಂದು ಅಂಜುವವನನ್ನು ಮಡುವಿಗೆ ತಳ್ಳುವುದೂ ಪಾಠವಲ್ಲ.

ಮಾತ್ರೆಯ ಮಿತಿ

ಇನ್ನು ಔಷಧದ ಮಾತು. ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಿಗಳಿಗಾಗಿ ಪ್ರೊಪ್ರಾನೊಲಾಲ್ ಎಂಬ ಔಷಧವನ್ನು ಸಿದ್ಧಪಡಿಸಿದರು. 1988ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಹೃದಯದ ಮೇಲೆ ಅಡ್ರಿನಲಿನ್ನಿನ ಹೊಡೆತವನ್ನು ತಡೆಯುವ ಈ ಬಗೆಯ ಔಷಧ ಪಿಟೀಲು ಮುಂತಾದ ತಂತಿವಾದ್ಯಗಾರರ ಕೈನಡುಕವನ್ನೂ ತಗ್ಗಿಸುತ್ತದೆಂದು 1977ರ ಒಂದು ಪ್ರಯೋಗ ತೋರಿಸಿತು. ಒಂದು ಸಂಜೆಯ ಕಚೇರಿಗೆ ಇದು ನೆರವಾದೀತು. ಆದರೆ ಅದು ಕೈಯನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಮನಸ್ಸಿನ ಅಂಜಿಕೆಯನ್ನು ಅಳಿಸುವುದಿಲ್ಲ. ಆಸ್ತಮಾ ಇರುವವರಿಗಂತೂ ಅಪಾಯಕಾರಿ.

ದೀರ್ಘಕಾಲದ ಬಾಧೆಗೆ ವೈದ್ಯರು ಕೊಡುವುದು ಸೆರ್ಟ್ರಲೀನ್, ಎಸಿಟಲೋಪ್ರಾಮ್ ಮೊದಲಾದ ಔಷಧಗಳನ್ನು. ಇವು ನುಂಗಿದ ದಿನವೇ ಫಲ ಕೊಡುವಂಥವಲ್ಲ; ಕೆಲವು ವಾರಗಳು ಬೇಕು. ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಿ, ವೈದ್ಯರ ಸಲಹೆಯಂತೆ ಕ್ರಮೇಣ ನಿಲ್ಲಿಸಬೇಕು. ಮೊದಮೊದಲು ಓಕರಿಕೆ, ನಿದ್ರಾಭಂಗ ಉಂಟಾಗಬಹುದು. ಎಳೆಯ ವಯಸ್ಸಿನವರಲ್ಲಿ ಆರಂಭದ ವಾರಗಳಲ್ಲಿ ಮನಸ್ಸು ವಿಪರೀತ ಕುಗ್ಗುವುದೇನೋ ಎಂದು ಮನೆಯವರು ಎಚ್ಚರದಿಂದಿರಬೇಕು. ಡಯಾಜೆಪಾಮಿನಂಥ ಶಾಮಕ ಮಾತ್ರೆಗಳು ತಕ್ಷಣ ಶಾಂತಿ ಕೊಟ್ಟರೂ ಚಟವಾಗಿ ಅಂಟಿಕೊಳ್ಳಬಲ್ಲವು. ಧೈರ್ಯಕ್ಕೆಂದು ಮದ್ಯವನ್ನು ಮುಟ್ಟಿದವರ ಕಥೆಯಂತೂ ಎಲ್ಲರೂ ಬಲ್ಲದ್ದೇ.

1999ರಲ್ಲಿ ಅಮೆರಿಕ ಸರಕಾರ ಪ್ಯಾರಾಕ್ಸಿಟೀನ್ ಎಂಬ ಔಷಧವನ್ನು ಈ ಬಾಧೆಗೆ ಅಂಗೀಕರಿಸಿದಾಗ ಜಾಹೀರಾತುಗಳ ಮಹಾಪೂರವೇ ಹರಿಯಿತು. ಸಹಜ ನಾಚಿಕೆಯನ್ನೂ ರೋಗವಾಗಿಸಿ ಮಾರುತ್ತಿದ್ದಾರೆಂಬ ಆಕ್ಷೇಪಣೆಯೂ ಕೇಳಿಬಂದಿತು. ಅದರಲ್ಲಿ ಸತ್ಯಾಂಶವಿದೆ. ಮಿತಭಾಷಿಯಾದ ಮಗನಿಗೆಲ್ಲ ಮಾತ್ರೆ ಬೇಕಿಲ್ಲ.

ಎರಡು ದಾರಿ, ಒಂದು ಊರು

ಹಾಗಾದರೆ ಯಾವುದು ಮೇಲು? 1998ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 133 ರೋಗಿಗಳನ್ನು ಹನ್ನೆರಡು ವಾರ ಪರೀಕ್ಷಿಸಲಾಯಿತು. ಫೆನೆಲ್ಜೀನ್ ಎಂಬ ಔಷಧ ಬೇಗ ಫಲ ತೋರಿತು. ಆದರೆ ಹನ್ನೆರಡು ವಾರಗಳ ಕೊನೆಗೆ, ಗುಂಪಿನಲ್ಲಿ ಅಭ್ಯಾಸಪೂರ್ವಕ ಮನೋಚಿಕಿತ್ಸೆ ಪಡೆದವರಲ್ಲಿಯೂ ಗುಣ ಹೊಂದಿದವರ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ಚಿಕಿತ್ಸೆ ನಿಂತ ಮೇಲೆ ಭಯ ಮರುಕಳಿಸುವ ಒಲವು ಔಷಧ ಸೇವಿಸಿದವರಲ್ಲಿ ಹೆಚ್ಚಾಗಿ ಕಂಡಿತು. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು, ಭಾಷಣ ಮಾಡುತ್ತಿದ್ದ ರೋಗಿಗಳ ಮೆದುಳನ್ನೇ ಚಿತ್ರಿಸಿ ನೋಡಿದರು. ಮಾತ್ರೆಯಿಂದ ಗುಣವಾದವರಲ್ಲಿಯೂ ಅಭ್ಯಾಸದಿಂದ ಗುಣವಾದವರಲ್ಲಿಯೂ ಭಯದ ನೆಲೆಯಾದ ಅಮಿಗ್ಡಲ ಎಂಬ ಭಾಗದ ಉದ್ವೇಗ ಒಂದೇ ತೆರನಾಗಿ ಇಳಿದಿತ್ತು! ಮಾತ್ರೆ ಶರೀರಕ್ಕೆ, ಅಭ್ಯಾಸ ಮನಸ್ಸಿಗೆ ಎಂಬ ವಿಭಜನೆ ನಾವು ಮಾಡಿಕೊಂಡುದು. ಮೆದುಳಿಗೆ ಅದು ತಿಳಿಯದು.

ಆದುದರಿಂದ ಮಾತ್ರೆ ನುಂಗಿದವನು ಹೇಡಿಯಲ್ಲ, ನುಂಗದವನು ವೀರನೂ ಅಲ್ಲ. ಮೊದಲು ಮನೋಚಿಕಿತ್ಸೆಯನ್ನು, ಅದು ಬೇಡವೆಂದವರಿಗೆ ಔಷಧವನ್ನು ಕೊಡಬಹುದೆಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆ 2013ರಲ್ಲಿ ಸೂಚಿಸಿದೆ. ಭಯವು ಹೊಸ್ತಿಲನ್ನೇ ದಾಟಗೊಡದಷ್ಟು ತೀವ್ರವಾದಾಗ ಮಾತ್ರೆ ಊರುಗೋಲಾಗಬಹುದು. ಆದರೆ ನಡೆಯಬೇಕಾದವನು ತಾನೇ.

ಮನೆಯವರ ಪಾತ್ರವೂ ಕಿರಿದಲ್ಲ. ಅತಿಥಿಗಳೆದುರು “ಇವಳಿಗೆ ಬಾಯೇ ಇಲ್ಲ” ಎಂದು ಹಾಸ್ಯ ಮಾಡುವುದು ಹೆದರಿದವರ ಮೇಲೆ ಹಾವೆಸೆದಂತೆ. ಅವಳ ಪರವಾಗಿ ತಾವೇ ಉತ್ತರಿಸುವುದೂ ಹಿತವಲ್ಲ. ಅಂಗಡಿಗೆ ಕಳುಹಿಸಿ, ದೂರವಾಣಿಯಲ್ಲಿ ಮಾತನಾಡಲು ಬಿಟ್ಟು, ತೊದಲಿದರೆ ತಾಳ್ಮೆಯಿಂದ ಕಾಯುವುದೇ ನಿಜವಾದ ಶುಶ್ರೂಷೆ. ವೈದ್ಯರ ಬಾಗಿಲು ತಟ್ಟುವುದಕ್ಕೂ ನಾಚುವವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದ ಈ ಉಚಿತ ಸೇವೆಯಲ್ಲಿ, 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಅಪರಿಚಿತರೊಡನೆ ಮಾತನಾಡಲು ಅಂಜುವವನಿಗೆ ಆ ಕರೆಯೇ ಮೊದಲ ಮೆಟ್ಟಿಲು.