ಮನೆಯಲ್ಲೊಂದು ಪುಸ್ತಕ ಭಂಡಾರ

‘ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು’ ಎಂಬ ಗಾದೆಯನ್ನು ಕೇಳದವರಿಲ್ಲ. ದೇಶ ಸುತ್ತಲು ಹಣ ಬೇಕು. ಕೋಶ ಓದಲು ಮನೆಯ ಒಂದು ಮೂಲೆ ಸಾಕು.

ಆ ಮೂಲೆಯ ಬೆಲೆಯನ್ನು ತಮಿಳುನಾಡಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಲ್ಲಿ ಕಾಣಬಹುದು. ಅಲ್ಲಿ ದೇವಾಂಗ ನೇಕಾರರೇ ಮೊದಲಾಗಿ ಅನೇಕ ಕುಟುಂಬಗಳ ಮನೆಮಾತು ಕನ್ನಡ. ಮಗ್ಗದ ಬಳಿ, ಅಡಿಗೆಮನೆಯಲ್ಲಿ ಆ ಮಾತು ತಲೆಮಾರುಗಳಿಂದ ಉಳಿದುಬಂದಿದೆ. ಆದರೆ ಮಕ್ಕಳ ಶಾಲೆಯ ಓದು ಹೆಚ್ಚಾಗಿ ತಮಿಳಿನಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಆದುದರಿಂದ ಅಜ್ಜಿಯೊಡನೆ ಸರಾಗವಾಗಿ ಕನ್ನಡವಾಡುವ ಎಷ್ಟೋ ಮಕ್ಕಳಿಗೆ ಕನ್ನಡದ ಅಕ್ಷರ ಅಪರಿಚಿತ. ತಮಿಳನ್ನು ಅವರು ಚೆನ್ನಾಗಿ ಕಲಿಯಲೇಬೇಕು. ಅದು ನೆರೆಹೊರೆಯ ಭಾಷೆ, ಬದುಕಿನ ಭಾಷೆ. ಕನ್ನಡದ ಓದನ್ನು ಮಾತ್ರ ಮನೆಯೇ ಕಲಿಸಬೇಕು. ಕನ್ನಡ ಶಾಲೆಯಲ್ಲಿ ಕಲಿಯುವವರೂ ಈ ಮಾತನ್ನು ಮನಗಾಣಬೇಕು. ಪಠ್ಯಪುಸ್ತಕ ಮುಚ್ಚಿದೊಡನೆ ಓದು ನಿಂತರೆ ಕಲಿತ ಅಕ್ಷರವೂ ಮಸುಕಾಗುತ್ತದೆ.

ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ (1892–1972) ತಮಿಳುನಾಡಿನ ಶೀರ್ಕಾಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನೆಲೆಸಿದವರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ತಿರುಳೆಂದರೆ, ಪುಸ್ತಕ ಇರುವುದು ಬಳಕೆಗಾಗಿ. ಬೀಗ ಹಾಕಿದ ಕಪಾಟಿನ ಪುಸ್ತಕದಿಂದ ಮಗುವಿಗೆ ಪ್ರಯೋಜನವಿಲ್ಲ. ಕೈಗೆಟುಕುವ ಎತ್ತರದಲ್ಲಿ ಒಂದು ಹಲಗೆ ಹಾಕಿಸಿದರೆ ಸಾಕು.

ಪುಸ್ತಕಗಳನ್ನು ಕಥೆ, ಜೀವನಚರಿತ್ರೆ, ವಿಜ್ಞಾನ, ನಿಘಂಟು ಎಂದು ವಿಂಗಡಿಸಿ ನಿಲ್ಲಿಸಿರಿ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಲೇಖಕರು, ಕೊಂಡ ದಿನ ಬರೆದಿಡಿರಿ. ಅದರ ಕೊನೆಯ ಪುಟಗಳು ಎರವಲು ಕೊಟ್ಟ ಲೆಕ್ಕಕ್ಕಿರಲಿ. ಪುಸ್ತಕಗಳು ಗೋಡೆಗೆ ತಾಗದಿದ್ದರೆ ಮಳೆಗಾಲದ ತೇವ ಹಿಡಿಯದು. ಆಗಾಗ ಧೂಳು ಒರೆಸಿ, ಚೆನ್ನಾಗಿ ಒಣಗಿದ ಬೇವಿನೆಲೆ ಇಡುವುದು ನಮ್ಮ ಹಿರಿಯರ ಪದ್ಧತಿ.

ಜೋಡಿಸಿಟ್ಟ ಮಾತ್ರಕ್ಕೆ ಓದು ಬಾರದು. ದಿನವೂ ಊಟಕ್ಕೆ ಮುಂಚೆ ಕಾಲು ಗಂಟೆ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಅಕ್ಷರ ತೊಡರುವ ಮಗು ಸಾಲಿನ ಕೆಳಗೆ ಬೆರಳಿಟ್ಟು ಓದಲಿ. ಓದು ಬಾರದ ಅಜ್ಜಿ ಕಥೆಯ ನಡುವೆ ಪ್ರಶ್ನೆ ಕೇಳಲಿ. ದಿನಕ್ಕೆ ಎರಡೇ ಪುಟವಾದರೂ ವರ್ಷಕ್ಕೆ 730 ಪುಟ. ಎಂದರೆ ನೂರು ಪುಟಗಳ ಏಳು ಪುಸ್ತಕಗಳು!

ತಂದೆತಾಯಿಗಳಲ್ಲಿ ಒಂದು ವಿನಂತಿ. ನೀವು ಓದುವುದನ್ನು ಕಂಡರೆ ಮಕ್ಕಳೂ ಓದುತ್ತಾರೆ. ಹುಟ್ಟುಹಬ್ಬಕ್ಕೊಂದು, ಜಾತ್ರೆಗೊಂದು ಪುಸ್ತಕ ಕೊಡಿಸಿರಿ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಹತ್ತು ಪುಸ್ತಕಗಳ ಹಲಗೆಯೇ ನಾಳೆ ಭಂಡಾರವಾದೀತು.