ಪಿಯಾಲ್ ನದಿಯ ಆಚೆಯ ದಡ

ಸತ್ತವರ ಹಾದಿಯಲ್ಲಿ ಪೋಲಾ ಎಂಬವನು ಕವಣೆಬಿಲ್ಲನ್ನು ಹಿಡಿದು ನಿಂತಿರುವನೆಂದೂ, ಅವನ ಗುಂಡಿನ ಪೆಟ್ಟು ತಗುಲಿದವರು ಪಿಯಾಲ್ ನದಿಯನ್ನು ದಾಟಲಾರದೆ, ಮೃತರ ಊರಾದ ಮಿತ್ಥಿಖುವಾದಲ್ಲಿ ಇಲ್ಲಿಯಂತೆಯೇ ದುಡಿದು ಉಣ್ಣಬೇಕೆಂದೂ ಇಂದಿನ ಮಿಜೋರಾಮಿನ ಲುಷಾಯಿ ಬೆಟ್ಟಗಳ ಮಿಜೋ ಜನರು ನಂಬಿದ್ದರು. ಆಚೆಯ ದಡದ ಪಿಯಾಲ್‌ರಾಲ್ ಲೋಕದಲ್ಲಾದರೋ, ಕುಟ್ಟಿ ಕೇರಿದ ಅಕ್ಕಿ ದುಡಿಮೆಯಿಲ್ಲದೆಯೇ ದೊರೆಯುತ್ತಿದ್ದಿತು. ಒನಕೆಯ ಸದ್ದಿನೊಡನೆ ಬೆಳಗನ್ನು ಕಾಣುವ ಹೆಂಗಸರಿಗೆ ಇದಕ್ಕಿಂತ ಹಿರಿದಾದ ಸ್ವರ್ಗವುಂಟೆ? ಆದರೆ ಪೋಲಾನು ಬಿಲ್ಲನ್ನಿಳಿಸುತ್ತಿದ್ದುದು ಮುಖ್ಯವಾಗಿ ‘ಥಾಂಗ್‌ಛುವಾ’ ಪದವಿ ಪಡೆದವರಿಗೆ. ಆ ಪದವಿಯು ಆನೆ, ಕರಡಿ, ಕಡವೆ, ಕಾಡುಹಂದಿ ಮೊದಲಾದ ಮೃಗಗಳನ್ನು ಕೊಂದ ಬೇಟೆಗಾರನಿಗೂ, ಮಿಥುನ್ ದನಗಳನ್ನು ಕಡಿದು ಊರಿಗೆಲ್ಲ ಔತಣವಿಕ್ಕಬಲ್ಲ ಸಿರಿವಂತನಿಗೂ ಸಲ್ಲುತ್ತಿದ್ದಿತು. ಬಡವನಿಗೆ ಪರಲೋಕವೂ ದುಬಾರಿ.

1894ರ ಜನವರಿಯಲ್ಲಿ ಲೊರೇನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಮಿಷನರಿಗಳು ಈ ಬೆಟ್ಟಗಳಿಗೆ ಬಂದು, ಲಿಪಿಯಿಲ್ಲದಿದ್ದ ನುಡಿಗೆ ರೋಮನ್ ಅಕ್ಷರಗಳನ್ನು ಹೊಂದಿಸಿದರು. 1897ರಲ್ಲಿ ವೇಲ್ಸ್ ಮಿಷನ್ನು ಅವರ ಧರ್ಮಪ್ರಚಾರದ ಕಾರ್ಯವನ್ನು ವಹಿಸಿಕೊಂಡಿತು. ಬ್ರಿಟಿಷರ ಆಳ್ವಿಕೆಯಿಂದ ಹಳ್ಳಿಯ ದೊರೆಗಳ ಅಧಿಕಾರವು ಕುಗ್ಗಿದುದೂ, ಶಾಲೆಯಿಂದ ಓದುಬರಹವು ಹಬ್ಬಿದುದೂ ಮತಾಂತರಕ್ಕೆ ಪೋಷಕವಾದುವು, ನಿಜ. ಆದರೆ ಪಾಪಕ್ಷಮೆಯ ಬೋಧೆಯು ಮೊದಮೊದಲು ಯಾರ ಮನಸ್ಸನ್ನೂ ತಟ್ಟಲಿಲ್ಲ. ಏಕೆಂದರೆ ಆ ಜನರನ್ನು ಬಾಧಿಸುತ್ತಿದ್ದುದು ಪಾಪಪ್ರಜ್ಞೆಯಲ್ಲ, ‘ರಾಮ್‌ಹುವಾಯ್’ ಎಂಬ ದುಷ್ಟಶಕ್ತಿಗಳ ಭಯ. ಮನೆಯಲ್ಲಿ ಒಬ್ಬರು ಜ್ವರದಿಂದ ಮಲಗಿದರೆ, ಪುರೋಹಿತನು ಕೇಳಿದ ಹಂದಿಯೋ ಕೋಳಿಯೋ ಬಲಿಯಾಗಬೇಕಾಗಿದ್ದಿತು. ಕ್ರಿಸ್ತನು ಆ ಶಕ್ತಿಗಳನ್ನು ಗೆದ್ದವನೆಂದು ಸಾರಿದಾಗಲೇ ಜನರು ಕಿವಿಗೊಟ್ಟುದು. ದೇವರಿಗಾದರೂ ಹೊಸ ಹೆಸರು ಬೇಕಾಗಲಿಲ್ಲ. ಮಿಜೋ ಜನರ ಸೃಷ್ಟಿಕರ್ತನೂ ದಯಾಳುವೂ ಆದ ‘ಪಾಥಿಯನ್’ ಎಂಬವನೇ ಬೈಬಲ್ಲಿನ ದೇವರಾದನು. ಆಚೆಯ ದಡವು, ಮಿಥುನಿಲ್ಲದವನಿಗೂ ಬೇಟೆಯರಿಯದವಳಿಗೂ, ನಂಬಿಕೆಯೊಂದರಿಂದಲೇ ದೊರೆಯುವುದೆಂಬುದು ಅವರ ಪಾಲಿಗೆ ನಿಜವಾದ ಸುವಾರ್ತೆ.

1899ರಲ್ಲಿ ಮೊದಲ ಇಬ್ಬರಿಗೆ ದೀಕ್ಷಾಸ್ನಾನವಾಯಿತು. ಅಕ್ಕಿಯ ಮದ್ಯದ ಔತಣಗಳಲ್ಲಿ ಬಾರಿಸುತ್ತಿದ್ದುದೆಂಬ ಕಾರಣದಿಂದ ‘ಖುವಾಂಗ್’ ಎಂಬ ಡೋಲಿಗೆ ಚರ್ಚಿನಲ್ಲಿ ಪ್ರವೇಶವಿರಲಿಲ್ಲ. ಪಾಶ್ಚಾತ್ಯ ರಾಗಗಳನ್ನು ಕಲಿತು ಹಾಡಿದರೂ, ಅವು ಕಂಠದಲ್ಲಿ ನಿಂತುವೇ ಹೊರತು ಕಾಲಿಗಿಳಿಯಲಿಲ್ಲ. 1919ರ ಧಾರ್ಮಿಕ ಜಾಗೃತಿಯ ಅಲೆಯಲ್ಲಿ ಡೋಲು ಪ್ರಾರ್ಥನಾಸಭೆಗೆ ಮರಳಿತು. ತಮ್ಮದೇ ವಿಲಂಬಿತ ಧಾಟಿಯಲ್ಲಿ ಮಿಜೋ ಕವಿಗಳು ಗೀತೆಗಳನ್ನು ಕಟ್ಟಿದರು. ಜನರು ವರ್ತುಲವಾಗಿ ನಿಂತು ಕುಣಿದರು.

2011ರ ಜನಗಣತಿಯಂತೆ ಮಿಜೋರಾಮಿನ ಶೇ. 87ರಷ್ಟು ಜನರು ಕ್ರೈಸ್ತರು. ಅವರ ಗೀತೆಗಳಲ್ಲಿ ಸ್ವರ್ಗಕ್ಕೆ ಇಂದಿಗೂ ಪಿಯಾಲ್‌ರಾಲ್ ಎಂಬ ಹೆಸರುಂಟು. ಹಾದಿಯಲ್ಲಿ ನಿಂತಿದ್ದ ಬಿಲ್ಲುಗಾರನು ಮಾತ್ರ ಈಗಿಲ್ಲ.